ಬಿಟಿಎಂನಲ್ಲಿ ಬಚ್ಚಿಟ್ಟ ಮೂರು ಊರು

ಮೆಟ್ರೊ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದಾಗ ಎಲ್ಲರ ಹಾಗೆ ನಾನೂ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಸುಮ್ನೆ ಹೋಗಿ ಬಂದೆ. ರೈಲಿನ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರೋದು ದಾರಿಯಲ್ಲಿ ಸಿಕ್ಕ ಒಂದು ಬೋರ್ಡಿನ ಬಗ್ಗೆ: ‘ಬಿಟಿಎಂ ಲೇಔಟ್’.

ಲಿಪಿಯೇನೋ ಕನ್ನಡವೇ. ಆದರೆ ಹೆಸರು? ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಇಂಗ್ಲಿಷ್ ಮೊದಲಕ್ಷರಗಳು ಸೇರಿ ಬಿಟಿಎಂ ಆಗಿದೆ. ತಾವರೆಕೆರೆಯಲ್ಲಿ ಎಷ್ಟು ಹುಡುಕಿದರೂ ‘ಟಿ’ ಸಿಗೋದಿಲ್ಲ. ಇಂಗ್ಲಿಷಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ‘ತಾ’ ಹೋಗಿ ‘ಟಿ’ ಆಯ್ತು, ತಾವರೆಯೂ ಹೋಯ್ತು, ಕೆರೆಯೂ ಹೋಯ್ತು. ಬೈರಸಂದ್ರದ ‘ಸಂದ್ರ’ ಕೂಡ ನೀರೇ. ದೊಡ್ಡ ಕೆರೆಗೆ ಹಿಂದಿನವರು ‘ಸಮುದ್ರ’ ಅಂತಿದ್ರು. ಅದು ಬಾಯಲ್ಲಿ ಸವೆದು ಸಂದ್ರವಾಯ್ತು. ಮಳೆ ಬಂದ್ರೆ ಇಲ್ಲೇ ಯಾಕೆ ನೀರು ನಿಲ್ಲುತ್ತೆ ಅಂತ ಪ್ರತಿ ವರ್ಷ ಕೇಳ್ತೀವಲ್ಲ, ಆ ಉತ್ತರವನ್ನು ನಾವೇ ಹೆಸರಿನಿಂದ ಅಳಿಸಿಬಿಟ್ಟಿದ್ದೀವಿ.

ದಕ್ಷಿಣ ಬೆಂಗಳೂರಿನ ಇತಿಹಾಸ ಬಸವನಗುಡಿ, ಲಾಲ್‌ಬಾಗ್‌ಗೆ ಮುಗೀತು, ಆಮೇಲೆ ಬರೀ ಲೇಔಟು ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹಾಗನ್ನುವವರು ಮಡಿವಾಳದ ಸೋಮೇಶ್ವರ ದೇವಸ್ಥಾನಕ್ಕೆ ಒಮ್ಮೆ ಹೋಗಬೇಕು. ಹೊರಗೋಡೆಗಳ ಮೇಲೆ ತಮಿಳು ಶಾಸನಗಳಿವೆ. ಅವುಗಳಲ್ಲಿ ಹಳೆಯದು 1247ರದ್ದು. ಕೆಂಪೇಗೌಡರು ಕೋಟೆ ಕಟ್ಟಿದ್ದು 1537ರಲ್ಲಿ. ಅಂದರೆ ಅದಕ್ಕೂ 290 ವರ್ಷ ಹಿಂದಿನದು. 1365ರ ಇನ್ನೊಂದು ಶಾಸನ ‘ತಾಮರೈಕ್ಕಿರೈ’ ಎಂಬಲ್ಲಿ ಭೂಮಿ ಬಿಟ್ಟುಕೊಟ್ಟದ್ದನ್ನು ಹೇಳುತ್ತದೆ. ಅದು ನಮ್ಮ ತಾವರೆಕೆರೆಯೇ. ಕೆರೆಗೆ ತಮಿಳಿನಲ್ಲಿ ‘ಏರಿ’ ಅಂತಾರೆ. ಆದರೂ ಕೆತ್ತಿದವನು ಊರವರ ‘ಕೆರೆ’ಯನ್ನೇ ‘ಕಿರೈ’ ಅಂತ ಉಳಿಸಿಕೊಂಡಿದ್ದಾನೆ. ಬೇರೆ ಭಾಷೆಯಲ್ಲಿ ಬರೆದವನು ತೋರಿಸಿದ ಮರ್ಯಾದೆಯನ್ನು ಕನ್ನಡದಲ್ಲೇ ಬೋರ್ಡು ಬರೆದ ನಾವು ತೋರಿಸಲಿಲ್ಲ.

ಹೇಳೋಕೆ ಉದ್ದ ಆಗುತ್ತಪ್ಪಾ, ಯಾರು ಹೇಳ್ತಾರೆ ಅನ್ನಬಹುದು. ನಿಜ, ಬಾಯಿಗೆ ಚಿಕ್ಕದೇ ಬೇಕು. ಕೆಂಪೇಗೌಡ ಬಸ್ ನಿಲ್ದಾಣಕ್ಕೆ ನಾವು ಇವತ್ತಿಗೂ ಮೆಜೆಸ್ಟಿಕ್ ಅಂತಲೇ ಅನ್ನೋದು. ಆಟೋದವರ ಹತ್ತಿರ ನಾನೂ ‘ಬಿಟಿಎಂ ಬರ್ತೀರಾ’ ಅಂತಲೇ ಕೇಳೋನು. ಆದರೆ ಬಾಯಿಗೆ ಇರೋ ವಿನಾಯಿತಿ ಬೋರ್ಡಿಗೆ ಯಾಕೆ? ಹಸಿರು ಮಾರ್ಗದಲ್ಲಿ ‘ಜಯಪ್ರಕಾಶ ನಗರ’ ಅಂತ ಪೂರ್ತಿ ಬರೆದಿಲ್ಲವೇ? ಅದರ ಮುಂದಿನದೇ ಯಲಚೇನಹಳ್ಳಿ. ಅಲ್ಲಿ ಊರೂ ಉಳಿದಿದೆ, ಎಲಚಿ ಹಣ್ಣಿನ ನೆನಪೂ ಉಳಿದಿದೆ. ಯಾವ ಪ್ರಯಾಣಿಕನೂ ಇದರಿಂದ ದಾರಿ ತಪ್ಪಿಲ್ಲ.

ಹೆಸರು ಬದಲಿಸಿ ಅಂತ ನಾನು ಹೇಳ್ತಿಲ್ಲ, ಆ ಜಗಳ ಬೇಡ. ‘ಬಿಟಿಎಂ’ ಕೆಳಗೆ ಚಿಕ್ಕ ಅಕ್ಷರದಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಅಂತ ಬರೆದರೆ ಸಾಕು. ಕೆಲಸಕ್ಕೆ ಅಂತ ಎಲ್ಲಿಂದಲೋ ಬಂದು ಇಲ್ಲಿ ಪಿಜಿಯಲ್ಲಿರೋ ಹುಡುಗರಿಗೆ, ತಾವು ಇರೋದು ಒಂದು ಊರಿನಲ್ಲಿ ಅಂತಾದರೂ ಗೊತ್ತಾಗಲಿ.