ನಲವತ್ತು ಜನರ ಕಾರ್ಖಾನೆ, ಏಳುನೂರು ಉದ್ಯೋಗದ ಲೆಕ್ಕ: ಆರ್ಥಿಕ ಪರಿಣಾಮ ವರದಿಗಳ ಒಂದು ವಿಮರ್ಶೆ

ಅಮೆರಿಕದಲ್ಲಿ ಯಾವುದಾದರೂ ಉದ್ದಿಮೆಗೆ ಸರ್ಕಾರದ ನೆರವು ಬೇಕಾದಾಗ ಮೊದಲು ಹೊರಬರುವುದು ‘ಆರ್ಥಿಕ ಪರಿಣಾಮ ವರದಿ’ ಎಂಬ ಹೊತ್ತಗೆ. ಮೆಕ್ಕೆಜೋಳ, ವೈನ್, ಕಾಡಿನ ಮರ, ಆಸ್ಪತ್ರೆ, ಕ್ರೀಡಾಂಗಣ, ಕೊನೆಗೆ ವಿಶ್ವವಿದ್ಯಾಲಯ, ಹೀಗೆ ಎಲ್ಲಕ್ಕೂ ಒಂದೊಂದು ವರದಿ ಇದೆ. ಈ ಉದ್ದಿಮೆಯಿಂದ ಇಷ್ಟು ಸಾವಿರ ಉದ್ಯೋಗ, ಇಷ್ಟು ಕೋಟಿ ಡಾಲರ್ ವಹಿವಾಟು ಎಂದು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಅದರ ಕೆಳಗೆ ವಿಶ್ವವಿದ್ಯಾಲಯವೊಂದರ ಮುದ್ರೆಯೂ ಇದ್ದರೆ ಆ ಸಂಖ್ಯೆಗೆ ಎದುರಾಡುವವರು ವಿರಳ.

ನಾನು ವೈದ್ಯ, ಅರ್ಥಶಾಸ್ತ್ರ ನನ್ನ ವಿಷಯವಲ್ಲ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಈ ದೇಶಕ್ಕೆ ಬಂದವನು ಅಯೋವಾದ ಸಣ್ಣ ಊರೊಂದರಲ್ಲಿ ಬಹುಕಾಲ ರೋಗಿಗಳನ್ನು ನೋಡಿಕೊಂಡಿದ್ದೆ. ನಿವೃತ್ತನಾದ ಮೇಲೆ ಕೌಂಟಿಯ ಸಾರ್ವಜನಿಕ ಸಭೆಗಳಿಗೆ ಹೋಗುವ ಅಭ್ಯಾಸವಾಗಿದೆ. ಹೊಸ ಕಾರ್ಖಾನೆ ತರುವವರು ಅಲ್ಲಿ ಕೇಳುವ ತೆರಿಗೆ ವಿನಾಯಿತಿ ಒಂದೆರಡು ವರ್ಷದ್ದಲ್ಲ, ಬಹಳ ದೀರ್ಘ ಅವಧಿಯದು. ಹಾಗೆ ಬಿಟ್ಟುಕೊಟ್ಟ ಹಣ ರಸ್ತೆಗೆ, ಶಾಲೆಗೆ, ಆಂಬುಲೆನ್ಸಿಗೆ ಸಿಗದೆ ಹೋಗುತ್ತದೆ. ಈ ಶತಮಾನದಲ್ಲಿ ಅಯೋವಾದ ಹಲವಾರು ಗ್ರಾಮೀಣ ಆಸ್ಪತ್ರೆಗಳು ಹೆರಿಗೆ ವಿಭಾಗವನ್ನೇ ಮುಚ್ಚಿವೆ. ತುಂಬು ಗರ್ಭಿಣಿಯರು ಹಿಮದಲ್ಲಿ ಬೇರೆ ಕೌಂಟಿಗೆ ಪ್ರಯಾಣ ಮಾಡಬೇಕಾಗಿದೆ. ಆದ್ದರಿಂದ ಉದ್ಯೋಗದ ಲೆಕ್ಕ ಸರಿಯೋ ತಪ್ಪೋ ಎನ್ನುವುದನ್ನು ಪಂಡಿತರ ಚರ್ಚೆಗೆ ಬಿಟ್ಟು ನಾವು ಸುಮ್ಮನಿರುವಂತಿಲ್ಲ. ತೆರಿಗೆ ಕಟ್ಟುವ ನಾವೂ ಈ ವರದಿಗಳನ್ನು ಓದಲು ಕಲಿಯಬೇಕು.

ವೈದ್ಯನೊಬ್ಬ ಹಾಕಿದ ಅಡಿಪಾಯ

ಈ ಲೆಕ್ಕಾಚಾರದ ಮೂಲಪುರುಷನೂ ವೈದ್ಯನೇ ಎಂಬುದು ನಮ್ಮ ವೃತ್ತಿಯವರಿಗೆ ಖುಷಿ ಕೊಡುವ ಸಂಗತಿ. ಫ್ರಾನ್ಸಿನ ಫ್ರಾನ್ಸ್ವಾ ಕೆನೆ ಮೊದಲು ಶಸ್ತ್ರವೈದ್ಯನಾಗಿದ್ದವರು, ಆಮೇಲೆ ವರ್ಸೇಲ್ಸ್ ಅರಮನೆಯಲ್ಲಿ ಮದಾಮ್ ದ ಪಾಂಪದೂರ್ ಅವರ ವೈದ್ಯರಾದರು. ರಕ್ತ ತೆಗೆಯುವ ಚಿಕಿತ್ಸೆಯ ಬಗ್ಗೆ ಗ್ರಂಥ ಬರೆದ ಅವರೇ 1758ರಲ್ಲಿ ‘ಆರ್ಥಿಕ ಕೋಷ್ಟಕ’ವನ್ನು ರಚಿಸಿದರು. ರೈತ, ಭೂಮಾಲೀಕ, ಕುಶಲಕರ್ಮಿ ಈ ಮೂರು ವರ್ಗಗಳ ನಡುವೆ ಹಣ ಹೇಗೆ ಸುತ್ತುತ್ತದೆ ಎಂದು ತೋರಿಸುವ ನಕ್ಷೆ ಅದು. ದೇಹದಲ್ಲಿ ರಕ್ತ ಸುತ್ತುವುದಕ್ಕೆ ಅದನ್ನು ಹೋಲಿಸುವುದು ವಾಡಿಕೆ.

ಆ ಕಲ್ಪನೆಗೆ ಅಂಕಿಗಳನ್ನು ತುಂಬಿದವರು ಹಾರ್ವರ್ಡಿನ ವಾಸಿಲಿ ಲಿಯಾಂಟಿಫ್. 1936ರಲ್ಲಿ ಅವರು ಅಮೆರಿಕದ ಆರ್ಥಿಕತೆಯ ಇನ್‌ಪುಟ್-ಔಟ್‌ಪುಟ್ ಕೋಷ್ಟಕವನ್ನು ಪ್ರಕಟಿಸಿದರು. ಅದಕ್ಕಾಗಿ 1973ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಪ್ರತಿಯೊಂದು ಉದ್ದಿಮೆಯೂ ಉಳಿದ ಉದ್ದಿಮೆಗಳಿಂದ ಏನೇನು ಕೊಳ್ಳುತ್ತದೆ, ಯಾರಿಗೆ ಮಾರುತ್ತದೆ ಎಂಬುದು ಅಡ್ಡಸಾಲು, ಕಂಬಸಾಲುಗಳಲ್ಲಿ ಇರುತ್ತದೆ. ಇಂದು ಸಂಶೋಧಕರು ಬಳಸುವ ಸಾಧನಗಳೆಲ್ಲ ಈ ಕೋಷ್ಟಕದ ಮಕ್ಕಳು, ಮೊಮ್ಮಕ್ಕಳು. ಹೆಚ್ಚು ಬಳಕೆಯಲ್ಲಿರುವ ‘ಇಂಪ್ಲಾನ್’ 1970ರ ದಶಕದಲ್ಲಿ ಅಮೆರಿಕದ ಅರಣ್ಯ ಸೇವೆಯಲ್ಲಿ ಹುಟ್ಟಿತು, ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಬೆಳೆಯಿತು, ಈಗ ಖಾಸಗಿ ಕಂಪನಿಯಾಗಿದೆ. ಕೇಂದ್ರ ಸರ್ಕಾರದ ಆರ್ಥಿಕ ವಿಶ್ಲೇಷಣಾ ಬ್ಯೂರೋ ತನ್ನದೇ ‘ರಿಮ್ಸ್-2’ ಗುಣಕಗಳನ್ನು ಒದಗಿಸುತ್ತದೆ.

ಗುಣಕದ ಸೂಕ್ಷ್ಮ

ಸಂಶೋಧಕರು ಪರಿಣಾಮವನ್ನು ಮೂರು ಪದರವಾಗಿ ಎಣಿಸುತ್ತಾರೆ. ಕಾರ್ಖಾನೆಯ ಗೇಟಿನೊಳಗೆ ದುಡಿಯುವವರದು ನೇರ ಪರಿಣಾಮ. ಆ ಕಾರ್ಖಾನೆಗೆ ಸಾಮಗ್ರಿ, ವಿದ್ಯುತ್, ಲಾರಿ ಸೇವೆ ಒದಗಿಸುವವರದು ಪರೋಕ್ಷ ಪರಿಣಾಮ. ಇವರೆಲ್ಲ ತಮ್ಮ ಸಂಬಳವನ್ನು ದಿನಸಿ ಅಂಗಡಿಯಲ್ಲೋ ಕ್ಷೌರದಂಗಡಿಯಲ್ಲೋ ಖರ್ಚು ಮಾಡಿದಾಗ ಹುಟ್ಟುವುದು ಪ್ರೇರಿತ ಪರಿಣಾಮ. ಮೂರನ್ನೂ ಕೂಡಿ ನೇರ ಪರಿಣಾಮದಿಂದ ಭಾಗಿಸಿದರೆ ಬರುವುದೇ ಗುಣಕ.

ಊರಿಗೆ ಬಂದ ಒಂದು ಡಾಲರಿನಲ್ಲಿ ಪ್ರತಿ ಸುತ್ತಿನಲ್ಲೂ 40 ಸೆಂಟ್ ಊರಿನಲ್ಲೇ ಮತ್ತೆ ಖರ್ಚಾಗುತ್ತದೆ, ಉಳಿದದ್ದು ಹೊರಗೆ ಸೋರಿಹೋಗುತ್ತದೆ ಎಂದುಕೊಳ್ಳಿ. ಆಗ ಎಲ್ಲ ಸುತ್ತುಗಳ ಮೊತ್ತ 1.67 ಡಾಲರ್. 40ರ ಬದಲು 60 ಸೆಂಟ್ ಉಳಿಯುತ್ತದೆ ಎಂದು ಊಹಿಸಿದರೆ ಮೊತ್ತ 2.50 ಡಾಲರ್. ಊಹೆಯಲ್ಲಿ 20 ಸೆಂಟಿನ ವ್ಯತ್ಯಾಸ, ಫಲಿತಾಂಶದಲ್ಲಿ ಅರ್ಧದಷ್ಟು ಏರಿಕೆ! ವಾಲ್‌ಮಾರ್ಟ್ ಮತ್ತು ಅಮೆಝಾನ್ ಬಿಟ್ಟರೆ ಬೇರೆ ದಾರಿಯಿಲ್ಲದ ಸಣ್ಣ ಊರಿನಲ್ಲಿ ಎಷ್ಟು ಸೆಂಟ್ ಉಳಿದೀತು? ವರದಿಯ ಜೀವಾಳ ಈ ಪ್ರಶ್ನೆಯಲ್ಲಿದೆ. ಆದರೆ ಅದರ ಉತ್ತರವನ್ನು ಹುಡುಕಲು ಓದುಗ ಅನುಬಂಧದವರೆಗೆ ಹೋಗಬೇಕಾಗುತ್ತದೆ, ಕೆಲವೊಮ್ಮೆ ಅಲ್ಲೂ ಸಿಗುವುದಿಲ್ಲ.

ನಮಗೆಲ್ಲ ಪರಿಚಿತವಾದ ಉದಾಹರಣೆ ಕೊಡುತ್ತೇನೆ. ಕನ್ನಡ ಸಮ್ಮೇಳನ ನಡೆದ ಊರಿಗೆ ಇಷ್ಟು ಲಾಭವಾಯಿತು ಎಂದು ಲೆಕ್ಕ ಹಾಕುವಾಗ ಬೇರೆ ರಾಜ್ಯದಿಂದ ಬಂದು ಹೋಟೆಲಿನಲ್ಲಿ ಉಳಿದವರ ಖರ್ಚು ಆ ಊರಿಗೆ ಹೊಸ ಹಣ. ಅದೇ ಊರಿನ ಕನ್ನಡಿಗ ಕುಟುಂಬ ಊಟದ ಕೂಪನ್ನಿಗೆ ಕೊಟ್ಟ ಹಣ ಹೊಸದಲ್ಲ, ಆ ವಾರಾಂತ್ಯ ಬೇರೆ ಹೋಟೆಲಿಗೆ ಹೋಗಬೇಕಾಗಿದ್ದ ಹಣವೇ ಇಲ್ಲಿಗೆ ಬಂದಿದೆ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಜಾನ್ ಕ್ರಾಂಪ್ಟನ್ 1995ರಲ್ಲಿ ಕ್ರೀಡಾಂಗಣ ಮತ್ತು ಕ್ರೀಡಾಕೂಟಗಳ ವರದಿಗಳನ್ನು ಪರಿಶೀಲಿಸಿ ಹನ್ನೊಂದು ಬಗೆಯ ದುರ್ಬಳಕೆಗಳನ್ನು ಪಟ್ಟಿ ಮಾಡಿದ್ದಾರೆ. ಸ್ಥಳೀಯರ ಖರ್ಚನ್ನು ಸೇರಿಸಿಬಿಡುವುದು ಅವುಗಳಲ್ಲಿ ಒಂದು.

ಅಯೋವಾದ ಎಥನಾಲ್ ಕಥೆ

ಮೆಕ್ಕೆಜೋಳದಲ್ಲೂ ಎಥನಾಲಿನಲ್ಲೂ ಅಯೋವಾ ದೇಶಕ್ಕೇ ಮೊದಲು. 2005 ಮತ್ತು 2007ರ ಕೇಂದ್ರ ಇಂಧನ ಕಾನೂನುಗಳು ಪೆಟ್ರೋಲಿನಲ್ಲಿ ಜೈವಿಕ ಇಂಧನ ಬೆರೆಸುವುದನ್ನು ಕಡ್ಡಾಯ ಮಾಡಿದ ಮೇಲೆ ಇಲ್ಲಿ ಸ್ಥಾವರಗಳು ಸಾಲಾಗಿ ಎದ್ದವು. ಅದಕ್ಕೂ ಮೊದಲೇ, 2002ರಲ್ಲಿ, ಎಥನಾಲ್ ಉದ್ಯಮ ಸಂಘಕ್ಕಾಗಿ ತಯಾರಾದ ವರದಿಯೊಂದು ವರ್ಷಕ್ಕೆ 4 ಕೋಟಿ ಗ್ಯಾಲನ್ ತಯಾರಿಸುವ ಒಂದು ಸ್ಥಾವರದಿಂದ ಸುಮಾರು 700 ಖಾಯಂ ಉದ್ಯೋಗ ಹುಟ್ಟುತ್ತವೆ ಎಂದಿತ್ತು. ಅಂಥ ಸ್ಥಾವರದ ಗೇಟಿನೊಳಗೆ ಕೆಲಸ ಮಾಡುವವರು ಸುಮಾರು 40 ಮಂದಿ. ಅಂದರೆ ಒಬ್ಬ ನೌಕರನ ಹಿಂದೆ ಹದಿನಾರಕ್ಕೂ ಹೆಚ್ಚು ಮಂದಿ ನಿಂತಿರಬೇಕು. ಯಾರಪ್ಪ ಅವರು?

ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಸ್ವೆನ್ಸನ್ 2006ರಲ್ಲಿ ‘ಇನ್‌ಪುಟ್-ಔಟ್‌ರೇಜಸ್’ ಎಂಬ ತುಂಟ ಹೆಸರಿನ ಪ್ರಬಂಧದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡರು. ಅವರ ವಾದ ಸರಳ. ಸ್ಥಾವರ ಅತಿ ಹೆಚ್ಚು ಹಣ ಕೊಟ್ಟು ಕೊಳ್ಳುವುದು ಮೆಕ್ಕೆಜೋಳವನ್ನು. ಮಾದರಿಗೆ ಆ ಖರೀದಿಯನ್ನು ಹಾಗೆಯೇ ಉಣಿಸಿದರೆ, ಅಷ್ಟು ಜೋಳ ಬೆಳೆಯುವ ರೈತರು, ಅವರಿಗೆ ಬೀಜ ಮತ್ತು ಗೊಬ್ಬರ ಮಾರುವವರು ಎಲ್ಲರನ್ನೂ ಅದು ಹೊಸ ಉದ್ಯೋಗವೆಂದು ಎಣಿಸುತ್ತದೆ. ಆ ರೈತರೋ ಸ್ಥಾವರ ಬರುವ ಮೊದಲೂ ಜೋಳ ಬೆಳೆಯುತ್ತಿದ್ದವರೇ.

ಲೆಕ್ಕವನ್ನು ನಾವೇ ಹಾಕಿ ನೋಡಬಹುದು. ಒಂದು ಬುಶೆಲ್ ಜೋಳದಿಂದ ಸುಮಾರು 2.8 ಗ್ಯಾಲನ್ ಎಥನಾಲ್ ಬರುತ್ತದೆ. 4 ಕೋಟಿ ಗ್ಯಾಲನ್ನಿಗೆ ಸುಮಾರು 1 ಕೋಟಿ 43 ಲಕ್ಷ ಬುಶೆಲ್ ಬೇಕು. ಆ ಕಾಲಕ್ಕೆ ಅಯೋವಾದ ಬೆಳೆ ವರ್ಷಕ್ಕೆ ಸುಮಾರು 200 ಕೋಟಿ ಬುಶೆಲ್. ನೂರರಲ್ಲಿ ಒಂದು ಪಾಲಿಗೂ ಕಡಿಮೆಯಾದ ಈ ಜೋಳ ರಫ್ತಿಗೋ ಹಂದಿ ಸಾಕಣೆಗೋ ಹೋಗುವ ಬದಲು ಸ್ಥಾವರಕ್ಕೆ ಹೋಯಿತು, ಅಷ್ಟೆ. ಬೆಳೆದವನು ಅದೇ ರೈತ, ಉತ್ತದ್ದು ಅದೇ ಟ್ರ್ಯಾಕ್ಟರ್. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಗಾದೆಯಂತೆ ಆಯಿತು ಈ ಲೆಕ್ಕ. ಸ್ವೆನ್ಸನ್ ಈ ರೈತರನ್ನು ಬದಿಗಿಟ್ಟು ಎಣಿಸಿದಾಗ ಬಂದ ಒಟ್ಟು ಉದ್ಯೋಗ ಉದ್ಯಮದ ಲೆಕ್ಕಕ್ಕಿಂತ ಎಷ್ಟೋ ಪಟ್ಟು ಕಡಿಮೆ.

ಸ್ಥಾವರದಿಂದ ಲಾಭವೇ ಇಲ್ಲ ಎಂದು ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಹತ್ತಿರದಲ್ಲೇ ಗಿರಾಕಿ ಸಿಕ್ಕರೆ ರೈತನಿಗೆ ಸಾಗಣೆ ವೆಚ್ಚ ಉಳಿಯುತ್ತದೆ, ಬೆಲೆಯೂ ತುಸು ಏರುತ್ತದೆ. ಅದು ನಿಜವಾದ ಆದಾಯ. ಸ್ಥಾವರದ ಷೇರು ಊರಿನವರ ಕೈಯಲ್ಲಿದ್ದರೆ ಲಾಭವೂ ಊರಿನಲ್ಲೇ ಉಳಿಯುತ್ತದೆ ಎಂದು ಸ್ವೆನ್ಸನ್ ಮತ್ತು ಲಿಯೆಸಲ್ ಈಥಿಂಗ್ಟನ್ ಬೇರೊಂದು ಅಧ್ಯಯನದಲ್ಲಿ ತೋರಿಸಿದರು. ಇದು ನೀತಿ ರೂಪಿಸುವವರಿಗೆ ನಿಜಕ್ಕೂ ಉಪಯೋಗಕ್ಕೆ ಬರುವ ತಿಳಿವಳಿಕೆ. ಆದರೂ ಇಂಥ ಅಧ್ಯಯನಗಳಲ್ಲಿ ನನಗೆ ಒಂದು ಕೊರತೆ ಕಾಣುತ್ತದೆ. ಅವು ಊರನ್ನು ಒಂದೇ ಕುಟುಂಬದಂತೆ ನೋಡುತ್ತವೆ. ಅಯೋವಾದ ಅರ್ಧಕ್ಕಿಂತ ಹೆಚ್ಚು ಜಮೀನು ಗುತ್ತಿಗೆಯಲ್ಲಿದೆ. ಜೋಳದ ಬೆಲೆ ಏರಿದರೆ ಗುತ್ತಿಗೆಯೂ ಏರುತ್ತದೆ. ಭೂಮಾಲೀಕನಿಗೆ ಬಂದ ಲಾಭ ಗೇಣಿದಾರನಿಗೂ ಹಂದಿ ಸಾಕುವವನಿಗೂ ಹೊರೆಯಾಗಬಹುದು. ಕೆನೆ ಮಾತ್ರ ರೈತನನ್ನೂ ಭೂಮಾಲೀಕನನ್ನೂ 1758ರಲ್ಲೇ ಬೇರೆ ಬೇರೆ ಅಂಕಣದಲ್ಲಿ ಕೂರಿಸಿದ್ದರು.

ಕಾಯಿಲೆಯೂ ಲಾಭದ ಬಾಬ್ತು

ವೈದ್ಯನಾಗಿ ನನ್ನನ್ನು ಹೆಚ್ಚು ಕಾಡುವುದು ಬೇರೆ ದೋಷ. ಇನ್‌ಪುಟ್-ಔಟ್‌ಪುಟ್ ಮಾದರಿಯಲ್ಲಿ ಖರ್ಚೆಲ್ಲವೂ ಕೂಡುವ ಲೆಕ್ಕವೇ, ಕಳೆಯುವ ಲೆಕ್ಕವಿಲ್ಲ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಹೆಚ್ಚಾದರೆ ಎಳೆಗೂಸುಗಳ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮಗು ನೀಲಿಗಟ್ಟುತ್ತದೆ. ಅದಕ್ಕಾಗಿಯೇ ಕೇಂದ್ರ ಸರ್ಕಾರ ಲೀಟರಿಗೆ ನೈಟ್ರೇಟ್-ಸಾರಜನಕ 10 ಮಿಲಿಗ್ರಾಂ ಎಂಬ ಮಿತಿ ಇಟ್ಟಿದೆ. ಜೋಳದ ಹೊಲಗಳ ಗೊಬ್ಬರವೂ ಪ್ರಾಣಿಗಳ ಸಗಣಿಯೂ ಸೇರುವ ನದಿಗಳಿಂದ ನೀರೆತ್ತುವ ಡಿ ಮೊಯ್ನ್ ನಗರ ನೈಟ್ರೇಟ್ ತೆಗೆಯಲೆಂದೇ ದೊಡ್ಡ ಘಟಕ ನಡೆಸುತ್ತಿದೆ. ಅಲ್ಲಿನ ಜಲಮಂಡಲಿ 2015ರಲ್ಲಿ ಮೂರು ಕೌಂಟಿಗಳ ಮೇಲೆ ಮೊಕದ್ದಮೆಯನ್ನೂ ಹೂಡಿತ್ತು, 2017ರಲ್ಲಿ ಅದು ವಜಾ ಆಯಿತು. ಈ ಘಟಕದ ವಿದ್ಯುತ್ ಬಿಲ್ಲು, ನೌಕರರ ಸಂಬಳ ಎಲ್ಲವೂ ಮಾದರಿಯೊಳಗೆ ಹೋದರೆ ಆರ್ಥಿಕ ಚಟುವಟಿಕೆ ಎಂದೇ ಹೊರಬರುತ್ತವೆ. ಇದೇ ತರ್ಕದಲ್ಲಿ ಊರಿನಲ್ಲಿ ಡಯಾಲಿಸಿಸ್ ರೋಗಿಗಳು ಹೆಚ್ಚಾದಷ್ಟೂ ಆಸ್ಪತ್ರೆಯ ‘ಆರ್ಥಿಕ ಪರಿಣಾಮ’ ಬೆಳೆಯುತ್ತದೆ. ಕ್ಷೇಮವನ್ನು ಅಳೆಯಲು ಬಾರದ ಅಳತೆಗೋಲನ್ನು ಕ್ಷೇಮದ ಅಳತೆಗೋಲು ಎಂದು ಮಾರುವುದು ತಪ್ಪು.

ಕೊಡುಗೆ ಬೇರೆ, ಪರಿಣಾಮ ಬೇರೆ

ಈ ದೋಷಗಳು ಗೊತ್ತಿಲ್ಲದೆ ಆಗುತ್ತಿರುವುದಲ್ಲ. 2007ರಲ್ಲಿ ಫಿಲಿಪ್ ವಾಟ್ಸನ್ ಮತ್ತು ಸಂಗಡಿಗರು ‘ಕೊಡುಗೆ’ ಮತ್ತು ‘ಪರಿಣಾಮ’ ಎಂಬ ಪದಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿದರು. ಇರುವ ಉದ್ದಿಮೆಯ ವಹಿವಾಟು ಎಷ್ಟು ಕಡೆ ಹರಿದಿದೆ ಎಂಬುದು ಕೊಡುಗೆ. ಆ ಉದ್ದಿಮೆ ಇಲ್ಲದಿದ್ದರೆ ಊರು ಎಷ್ಟನ್ನು ಕಳೆದುಕೊಳ್ಳುತ್ತಿತ್ತು ಎಂಬುದು ಪರಿಣಾಮ. ವೈದ್ಯಕೀಯದಲ್ಲಿ ನಾವು ಕಂಟ್ರೋಲ್ ಗುಂಪು ಇಡುವುದು ಇದಕ್ಕೇ. ಔಷಧ ಕೊಡದವರೂ ವಾಸಿಯಾಗಿದ್ದರೆ ವಾಸಿಯಾದ ಕೀರ್ತಿ ಔಷಧಕ್ಕೆ ಸಲ್ಲದು. ಕೊಡುಗೆಯ ಲೆಕ್ಕದಲ್ಲಿ ಕಂಟ್ರೋಲ್ ಗುಂಪೇ ಇಲ್ಲ. ಹಾಗಾಗಿ ರಾಜ್ಯದ ಎಲ್ಲ ಉದ್ದಿಮೆಗಳ ವರದಿಗಳನ್ನು ಕೂಡಿದರೆ ಮೊತ್ತ ರಾಜ್ಯದ ಇಡೀ ಆರ್ಥಿಕತೆಯನ್ನೇ ಮೀರೀತು.

ಅದೇ ವರ್ಷ ಜಾನ್ ಸೀಗ್‌ಫ್ರೀಡ್, ಅಲನ್ ಸ್ಯಾಂಡರ್ಸನ್, ಪೀಟರ್ ಮೆಕ್‌ಹೆನ್ರಿ ಎಂಬ ಅರ್ಥಶಾಸ್ತ್ರಜ್ಞರು ಕಾಲೇಜುಗಳೇ ತಮ್ಮ ಬಗ್ಗೆ ಬರೆಸಿಕೊಂಡ ವರದಿಗಳನ್ನು ವಿಮರ್ಶಿಸಿದರು. ತಮ್ಮ ಅಧ್ಯಾಪಕರ ಸಂಶೋಧನೆಯಿಂದ ಬಯಸುವ ನಿಖರತೆಯನ್ನು ಈ ವರದಿಗಳಲ್ಲೂ ಪಾಲಿಸಿದ್ದರೆ ಇಷ್ಟು ಅಸಂಬದ್ಧ ದಾವೆಗಳು ಬರುತ್ತಿರಲಿಲ್ಲ ಎಂಬುದು ಅವರ ತೀರ್ಮಾನದ ಸಾರ.

ರಾವ್ ಅವರ ಎಚ್ಚರಿಕೆ

ಈ ವಿಷಯದಲ್ಲಿ ಕರ್ನಾಟಕಕ್ಕೂ ಒಂದು ಹಳೆಯ ನಂಟಿದೆ. ಬೆಂಗಳೂರಿನಲ್ಲಿ 1972ರಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದ, ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಡಾ. ವಿ.ಕೆ.ಆರ್.ವಿ. ರಾವ್ ಕೇಂಬ್ರಿಡ್ಜಿನಲ್ಲಿ ಓದಿ, ಬ್ರಿಟಿಷ್ ಭಾರತದ ರಾಷ್ಟ್ರೀಯ ಆದಾಯವನ್ನು ಲೆಕ್ಕ ಹಾಕಿದವರು. 1952ರ ಪ್ರಬಂಧದಲ್ಲಿ ಅವರು ಕೇನ್ಸ್ ಗುಣಕ ಭಾರತದಂಥ ದೇಶಕ್ಕೆ ಹಾಗೆಯೇ ಅನ್ವಯಿಸದು ಎಂದು ವಾದಿಸಿದರು. ಯಂತ್ರ, ಕಾರ್ಮಿಕ, ಕಚ್ಚಾವಸ್ತು ಎಲ್ಲ ಖಾಲಿ ಕೂತಿದ್ದರೆ ಮಾತ್ರ ಹೊಸ ಖರ್ಚಿನಿಂದ ಉತ್ಪಾದನೆ ಬೆಳೆಯುತ್ತದೆ. ಹಾಗಿಲ್ಲದಿದ್ದರೆ ಬೆಳೆಯುವುದು ಬೆಲೆ. ನಿರುದ್ಯೋಗ ಕಡಿಮೆಯಿರುವ ಅಯೋವಾಕ್ಕೂ ಈ ಮಾತನ್ನು ಹಿಡಿದು ನೋಡಬಹುದು. ಹೊಸ ಸ್ಥಾವರಕ್ಕೆ ಬಂದ ವೆಲ್ಡರ್ ಪಕ್ಕದ ವರ್ಕ್‌ಶಾಪ್ ಬಿಟ್ಟು ಬಂದವನಾಗಿದ್ದರೆ ಮಾದರಿ ಅವನನ್ನು ಹೊಸ ಉದ್ಯೋಗವೆಂದು ಎಣಿಸುತ್ತದೆ, ವರ್ಕ್‌ಶಾಪಿನ ಖಾಲಿ ಜಾಗವನ್ನು ಎಣಿಸುವುದಿಲ್ಲ.

ಭಾರತವೂ ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು 2021ರಲ್ಲಿ 2030ರಿಂದ 2025ಕ್ಕೆ ಹಿಂದಕ್ಕೆ ತಂದುಕೊಂಡಿತು. ಕಬ್ಬಿನ ಜೊತೆಗೆ ಮೆಕ್ಕೆಜೋಳವೂ ಇಂಧನವಾಗುತ್ತಿದೆ. ಕೋಳಿ ಸಾಕುವವರು ಮೇವು ದುಬಾರಿಯಾಯಿತೆಂದು ದೂರುತ್ತಿದ್ದಾರೆ. ದಾವಣಗೆರೆ, ಹಾವೇರಿಯ ಕಡೆ ಜಮೀನಿರುವ ನಮ್ಮ ಸದಸ್ಯರ ಮನೆಗಳಲ್ಲೂ ಈ ಮಾತು ಬರುತ್ತಿರಬಹುದು. ಅಲ್ಲಿಯ ಸಂಶೋಧಕರಿಗೆ ಅಯೋವಾದ ಇಪ್ಪತ್ತು ವರ್ಷಗಳ ಅನುಭವ ಪಾಠವಾಗಲಿ.

ಇನ್ನು ಮುಂದೆ ಇಂಥ ವರದಿ ನಿಮ್ಮ ಕೈಗೆ ಬಂದಾಗ ಐದು ಪ್ರಶ್ನೆ ಕೇಳಿ. ಹಣ ಕೊಟ್ಟು ಬರೆಸಿದವರು ಯಾರು? ‘ಪ್ರದೇಶ’ ಎಂದರೆ ಕೌಂಟಿಯೋ ರಾಜ್ಯವೋ? ಕೊಟ್ಟಿರುವುದು ಒಟ್ಟು ವಹಿವಾಟೋ, ಕಚ್ಚಾವಸ್ತುವಿನ ಬೆಲೆ ಕಳೆದ ಮೌಲ್ಯವರ್ಧನೆಯೋ? ಉದ್ಯೋಗವೆಂದರೆ ಪೂರ್ಣಾವಧಿಯೋ, ಅರೆಕಾಲಿಕವನ್ನೂ ಒಂದೆಂದೇ ಎಣಿಸಿದ್ದಾರೋ? ಆ ಉದ್ದಿಮೆ ಇಲ್ಲದಿದ್ದರೆ ಅದೇ ಜನ, ಅದೇ ಜಮೀನು, ಅದೇ ತೆರಿಗೆ ಹಣ ಏನಾಗುತ್ತಿತ್ತು? ಕೌಂಟಿಯ ಸಭೆಯಲ್ಲಿ ಪ್ರತಿ ನಾಗರಿಕನಿಗೂ ಮಾತನಾಡಲು ಕೆಲವು ನಿಮಿಷ ಸಿಗುತ್ತದೆ. ಕೊನೆಯ ಪ್ರಶ್ನೆಯೊಂದನ್ನು ಕೇಳಲು ಅಷ್ಟು ಸಮಯ ಧಾರಾಳವಾಗಿ ಸಾಕು. ಉತ್ತರ ಬರುವವರೆಗೆ ತೆರಿಗೆ ವಿನಾಯಿತಿಗೆ ಕೈ ಎತ್ತಬೇಡಿ ಎಂದು ಪ್ರತಿನಿಧಿಗಳಿಗೆ ಹೇಳಲು ನಮಗೆ ಹಕ್ಕಿದೆ.