ಬಾಯಿ ಮುಚ್ಚಿದ ಹುಲಿ ಎಲ್ಲಿ ಸಿಗತ್ತೆ?

ಆಟಿಕೆ ಅಂಗಡಿಗಳಲ್ಲಿ ಈಗ ಕಾಡುಪ್ರಾಣಿಗಳಿಗೆ ಅಂತಲೇ ಒಂದು ಗೋಡೆ ಇರತ್ತೆ. ಬಾಕ್ಸಿನ ಮೇಲೆ ದಪ್ಪಕ್ಷರದಲ್ಲಿ 'ರಿಯಲಿಸ್ಟಿಕ್' ಅನ್ನೋ ಪದ. ಒಳಗೆ ಹನ್ನೆರಡು ಪ್ರಾಣಿ, ಜೊತೆಗೆ ಹನ್ನೆರಡು ಮಾಹಿತಿ ಕಾರ್ಡು. ನಮ್ಮನೇಲೂ ಅಂಥದ್ದೊಂದು ಸೆಟ್ ಇದೆ. ಮಗಳು ಆಡ್ತಾಳೆ, ನಾನು ಜಗಳ ಆಡ್ತೀನಿ. ಸಿನಿಮಾ, ಪುಸ್ತಕಗಳಿಗೆ ವಿಮರ್ಶೆ ಬರೆಯೋ ದೇಶದಲ್ಲಿ ಮಕ್ಕಳ ಕೈಗೆ ದಿನಾ ಸಿಗೋ ಈ ವಸ್ತುವಿಗೆ ಯಾಕೆ ಯಾರೂ ಬರೆಯಲ್ಲ ಅನ್ನೋದು ನನ್ನ ತಕರಾರು. ಹಾಗಾಗಿ ಇವತ್ತು ನಾನೇ ಕೂತಿದ್ದೀನಿ.

ಮೊದಲು ಒಪ್ಪಿಕೊಳ್ಳಬೇಕಾದ್ದು ಒಪ್ಪಿಬಿಡೋಣ. ಈ ಗೊಂಬೆಗಳ ಮೇಲ್ಮೈ ಕೆಲಸ ಚೆನ್ನಾಗಿರತ್ತೆ. ಜರ್ಮನಿಯಲ್ಲಿ 1935ರಲ್ಲಿ ಶುರುವಾದ ಶ್ಲೈಕ್, ಅಮೆರಿಕದಲ್ಲಿ 1982ರಲ್ಲಿ ಶುರುವಾದ ಸಫಾರಿ, ಫ್ರಾನ್ಸಿನ ಪಾಪೋ, ಇವರೆಲ್ಲ ಈ ಕಲೆಯನ್ನ ಎಲ್ಲಿಗೆ ತಂದು ನಿಲ್ಲಿಸಿದ್ದಾರೆ ಅಂದ್ರೆ ಆನೆಯ ಮೊಣಕಾಲಿನ ಸುಕ್ಕನ್ನೂ ಬೆರಳಲ್ಲಿ ಮುಟ್ಟಿ ನೋಡಬಹುದು. ಅವರನ್ನ ನೋಡಿ ಮಾಡಿದ ಅಗ್ಗದ ಸೆಟ್ಟುಗಳಲ್ಲೂ ಚರ್ಮ, ಕೂದಲು, ಗೊರಸು ಪರವಾಗಿಲ್ಲ. ನಾವು ಚಿಕ್ಕವರಿದ್ದಾಗ ಜಾತ್ರೇಲಿ ಸಿಗ್ತಿದ್ದ ಟೊಳ್ಳು ಪ್ಲಾಸ್ಟಿಕ್ ಹುಲಿಗೆ ಹೋಲಿಸಿದ್ರೆ ಇದು ಇನ್ನೊಂದು ಯುಗ.

ಆದ್ರೆ ಚರ್ಮ ಸರಿ ಇದ್ದ ಮಾತ್ರಕ್ಕೆ ಪ್ರಾಣಿ ಸರಿ ಇದೆ ಅಂತಲ್ಲ. ಸ್ಕೇಲ್ ಇಟ್ಟು ಅಳೆದೆ. ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದ್ರೂ ಉಪಯೋಗ ಬೇಡವಾ? ಸೆಟ್ಟಿನಲ್ಲಿರೋದು ಆಫ್ರಿಕಾದ ಆನೆ, ಭುಜದ ಎತ್ತರ 8 ಸೆಂಟಿಮೀಟರ್. ನಿಜವಾದ ಗಂಡಾನೆ ಅಲ್ಲಿ ಸುಮಾರು 3.2 ಮೀಟರ್ ಇರತ್ತೆ, ಅಂದ್ರೆ ನಲವತ್ತರಲ್ಲಿ ಒಂದು ಪಾಲು. ಅದರ ಪಕ್ಕ ನಿಂತ ಹುಲಿ ನಾಲ್ಕೂವರೆ ಸೆಂಟಿಮೀಟರ್. ನಲವತ್ತರಿಂದ ಗುಣಿಸಿ. ಭುಜಕ್ಕೇ 1.8 ಮೀಟರ್, ಆರಡಿ! ನಿಜವಾದ ಹುಲಿ ಮೂರಡಿ ಚಿಲ್ಲರೆ. ಅದೇ ಲೆಕ್ಕದಲ್ಲಿ ಜಿರಾಫೆ ಹನ್ನೆರಡೂವರೆ ಸೆಂಟಿಮೀಟರಾದ್ರೂ ಇರಬೇಕಿತ್ತು, ಆನೆಗಿಂತ ಒಂದು ಕಿವಿಯಷ್ಟು ಮಾತ್ರ ಎತ್ತರವಿದೆ. ನಮ್ಮ ಆಫೀಸಿನ ಟೆಸ್ಟಿಂಗ್ ಟೀಮಿನವರಾಗಿದ್ರೆ ಇದನ್ನ ಮೊದಲ ದಿನವೇ ವಾಪಸ್ ಕಳಿಸ್ತಿದ್ರು.

ಮಾಡುವವರ ಕಷ್ಟವೂ ಗೊತ್ತಾಗತ್ತೆ. ಸರಿಯಾದ ಅಳತೆಯಲ್ಲಿ ಮಾಡಿದ್ರೆ ಹುಲಿ ಎರಡೂವರೆ ಸೆಂಟಿಮೀಟರ್ ಆಗಿ ಚಿಕ್ಕ ಮಕ್ಕಳ ಬಾಯಿ ಸೇರತ್ತೆ. ದುಡ್ಡು ಕೊಡೋ ಅಪ್ಪನಿಗೂ ಹುಲಿ ಚಿಕ್ಕದು ಅನ್ನಿಸತ್ತೆ. ಸರಿ. ಆದ್ರೆ ಕಾರ್ಡಿನಲ್ಲಿ ಒಂದು ಸಾಲು ಬರೆಯೋಕೆ ಏನು ಅಡ್ಡಿ? ಪ್ರಾಣಿಗಳ ನಿಜವಾದ ಎತ್ತರದ ಗೆರೆಗಳನ್ನ ಬಾಕ್ಸಿನ ಹಿಂದೆ ಎಳೆಯೋಕೆ ಏನು ಖರ್ಚು?

ಕಾರ್ಡುಗಳದ್ದೇ ದೊಡ್ಡ ಕಥೆ. ತೂಕ ಇಷ್ಟು, ಓಟದ ವೇಗ ಇಷ್ಟು, ಆಯಸ್ಸು ಇಷ್ಟು. ಲ್ಯಾಪ್‌ಟಾಪ್ ಕೊಳ್ಳುವಾಗ ರ‍್ಯಾಮ್ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ಅಂತ ಓದೋ ಹಾಗೆ. ಮಗು ಅದನ್ನ ಬಾಯಿಪಾಠ ಮಾಡತ್ತೆ, ನೆಂಟರ ಮುಂದೆ ಒಪ್ಪಿಸತ್ತೆ, ನಾವು ಬೀಗ್ತೀವಿ. ಆ ಅಂಕಿಗೂ ಕೈಲಿರೋ ಗೊಂಬೆಗೂ ಏನು ಸಂಬಂಧ? ಗೊಂಬೆಯ ಜೊತೆ ಬರೋ ಮಾಹಿತಿ ಅಂದ್ರೆ ಮಗು ಗೊಂಬೆಯ ಮೇಲೇ ಬೆರಳಿಟ್ಟು ತೋರಿಸೋ ಹಾಗಿರಬೇಕು. 'ಸೊಂಡಿಲಿನ ತುದಿ ನೋಡು, ಎರಡು ಬೆರಳಿದ್ರೆ ಆಫ್ರಿಕಾದ ಆನೆ, ಒಂದೇ ಇದ್ರೆ ನಮ್ಮದು.' 'ಹುಲಿಯ ಕಿವಿಯ ಹಿಂಭಾಗ ನೋಡು, ಬಿಳಿ ಮಚ್ಚೆ ಇದೆಯಾ?' ಹೀಗೆ.

ಹುಲಿಯ ಪಟ್ಟೆಯನ್ನೇ ತಗೊಳ್ಳಿ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿರಲ್ಲ. ಅಷ್ಟೇ ಅಲ್ಲ, ಒಂದೇ ಹುಲಿಯ ಎಡಮಗ್ಗುಲು ಬಲಮಗ್ಗುಲು ಕೂಡ ಬೇರೆ ಬೇರೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಹುಲಿ ಎಣಿಸಿದ್ದು ಈ ನಂಬಿಕೆಯ ಮೇಲೇ. ಎರಡೂ ಮಗ್ಗುಲಿನ ಚಿತ್ರ ಸಿಗಲಿ ಅಂತ ದಾರಿಯ ಎರಡೂ ಬದಿಗೆ ಕ್ಯಾಮೆರಾ ಇಡ್ತಾರೆ. ನಮ್ಮ ಸೆಟ್ಟಿನ ಹುಲಿಯ ಎರಡೂ ಮಗ್ಗುಲು ಕನ್ನಡಿ ಹಿಡಿದ ಹಾಗಿವೆ. ನಡೆಯುವ ಭಂಗಿ, ಆದ್ರೆ ಉಗುರು ಹೊರಗೆ! ನಡೆಯುವಾಗ ಹುಲಿ ಉಗುರನ್ನ ಒಳಗೆಳೆದುಕೊಂಡಿರತ್ತೆ. ಅದರ ಹೆಜ್ಜೆಗುರುತಿನಲ್ಲಿ ಉಗುರು ಕಾಣದೇ ಇರೋದು ಅದಕ್ಕೇ, ನಾಯಿ ಹೆಜ್ಜೆಯಲ್ಲಿ ಕಾಣತ್ತೆ.

ಇನ್ನು ಬಾಯಿ. ಯಾವ ಹುಲಿ, ಯಾವ ಸಿಂಹ, ಯಾವ ಕರಡಿ ನೋಡಿದ್ರೂ ಬಾಯಿ ತೆರೆದೇ ಇದೆ. ಬಾಯಿ ಮುಚ್ಚಿದ ಹುಲಿ ಮಾರಾಟ ಆಗಲ್ವೇನೋ. ಸದ್ದು ಮಾಡದೆ ಹೊಂಚು ಹಾಕಿ ಬದುಕೋ ಪ್ರಾಣಿ ನಮ್ಮ ಷೆಲ್ಫಿನಲ್ಲಿ ಇಪ್ಪತ್ತನಾಲ್ಕು ಗಂಟೆ ಅರಚ್ತಾ ನಿಂತಿದೆ.

ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಬಿಳಿ ಹುಲಿ ನೋಡಿ. ಅದಕ್ಕೆ ಪ್ರತ್ಯೇಕ ಕಾರ್ಡು, ಹಿಂದೆ ಹಿಮದ ಚಿತ್ರ. ಬಿಳಿ ಹುಲಿ ಅನ್ನೋ ಬೇರೆ ಜಾತಿಯೇ ಇಲ್ಲ. ಅಪರೂಪದ ಒಂದು ಜೀನು ಅಪ್ಪ ಅಮ್ಮ ಇಬ್ಬರಿಂದಲೂ ಬಂದಾಗ ಹುಟ್ಟೋ ಬಣ್ಣ ಅದು. 1951ರಲ್ಲಿ ರೇವಾ ಸಂಸ್ಥಾನದ ಕಾಡಿನಲ್ಲಿ ಹಿಡಿದ ಮೋಹನ್ ಅನ್ನೋ ಮರಿಯ ಸಂತತಿಯನ್ನೇ ಒಳಗೊಳಗೇ ಕೂಡಿಸಿ, ಮಗಳ ಜೊತೆಗೂ ಕೂಡಿಸಿ, ಮೃಗಾಲಯಗಳಿಗೆಲ್ಲ ಹಂಚಿದ್ರು. ಅದರ ಫಲವಾಗಿ ಹಲವು ತೊಂದರೆಗಳೂ ಜೊತೆಗೇ ಬಂದವು. ರೇವಾ ಇರೋದು ಮಧ್ಯಪ್ರದೇಶದಲ್ಲಿ, ಅಲ್ಲಿ ಹಿಮ ಎಲ್ಲಿಂದ ಬರಬೇಕು?

ಈ ಸೆಟ್ಟಿನ ಆಯ್ಕೆಯೇ ನನ್ನನ್ನ ಕಾಡೋದು. ಆನೆ, ಸಿಂಹ, ಜಿರಾಫೆ, ಜೀಬ್ರಾ, ನೀರಾನೆ. ಅವುಗಳ ಮಧ್ಯೆ ಅನಾಥನ ಹಾಗೆ ಏಷ್ಯಾದ ಒಂದು ಹುಲಿ. 'ಕಾಡು' ಅಂದ್ರೆ ಆಫ್ರಿಕಾದ ಹುಲ್ಲುಗಾವಲು ಅಂತ ಮಗು ತೀರ್ಮಾನ ಮಾಡಿಬಿಡತ್ತೆ. ನಮ್ಮೂರು ಮಧುಗಿರಿ ಕಡೆ. ನಮ್ಮ ಕಲ್ಲುಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. ತೋಳದ ಹೆಸರು ಹೇಳದೆ ನಮ್ಮ ಕುರಿ ಕಾಯೋರ ಮಾತು ಮುಗಿಯಲ್ಲ. ಊರಿನ ಹುಡುಗರಿಗೆ ಈಗ ಈ ಪ್ರಾಣಿಗಳ ಪರಿಚಯ ಆಗೋದು ಸಿಸಿಟಿವಿ ವಿಡಿಯೋದಲ್ಲಿ, 'ಗ್ರಾಮಸ್ಥರಲ್ಲಿ ಆತಂಕ' ಅನ್ನೋ ತಲೆಬರಹದ ಕೆಳಗೆ. ಜಿರಾಫೆ ಗೆಳೆಯ, ಕರಡಿ ಆತಂಕ.

ಸೆಟ್ಟಿನ ಕರಡಿ ಕಂದು ಬಣ್ಣದ, ಹೊಳೆಯಲ್ಲಿ ಮೀನು ಹಿಡಿಯೋ ಕರಡಿ. ನಮ್ಮದು ಕಪ್ಪು, ಜೋಲು ಕೂದಲು, ಎದೆ ಮೇಲೆ ಬಿಳಿ ಹಾರದಂಥ ಗುರುತು. ಅದರ ಬಾಯನ್ನ ಗೊಂಬೆಯಲ್ಲಿ ತೆರೆದಿಡೋದಾದ್ರೆ ನನ್ನ ಅಭ್ಯಂತರ ಇಲ್ಲ, ಯಾಕಂದ್ರೆ ಅಲ್ಲಿ ನೋಡೋಕೆ ಏನೋ ಇದೆ: ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಇರಲ್ಲ. ಉದ್ದುಗುರಿನಿಂದ ಹುತ್ತ ಬಗೆದು, ತುಟಿ ಮುಂದೆ ಚಾಚಿ, ಆ ಸಂದಿಯಿಂದ ಗೆದ್ದಲನ್ನ ಸರ್ರನೆ ಹೀರತ್ತೆ. ಬೆರಳಿಟ್ಟು ತೋರಿಸೋ ಮಾಹಿತಿ ಅಂದ್ರೆ ಇದು. ಉಗುರು, ತುಟಿ, ಹಲ್ಲಿನ ಸಂದಿ ಮೂರನ್ನೂ ಮುಟ್ಟಿ ಮುಗಿಸೋ ಹೊತ್ತಿಗೆ ಮಗುವಿಗೆ ಒಂದು ಇಡೀ ಬದುಕು ಅರ್ಥವಾಗಿರತ್ತೆ. ಮರಿಗಳನ್ನ ಬೆನ್ನ ಮೇಲೆ ಹೊತ್ತು ತಿರುಗೋ ತಾಯಿ ಕರಡಿಯನ್ನ ಗೊಂಬೆ ಮಾಡಿದ್ರೆ ಯಾವ ಮಗು ಬೇಡ ಅನ್ನತ್ತೆ ಹೇಳಿ?

ತೋಳವೂ ಹಾಗೇ. ಸೆಟ್ಟಿನಲ್ಲಿರೋದು ಚಳಿ ದೇಶದ್ದು, ದಪ್ಪ ಬೂದು ತುಪ್ಪಳ, ಕತ್ತೆತ್ತಿ ಊಳಿಡ್ತಿದೆ. ನಮ್ಮ ತೋಳ ಅದಕ್ಕಿಂತ ಚಿಕ್ಕದು, ತೆಳು ಕೂದಲು, ಒಣಹುಲ್ಲಿನ ಬಣ್ಣ. ಕತ್ತೆಕಿರುಬಕ್ಕೆ ಮೈತುಂಬ ಚುಕ್ಕೆ ಇಟ್ಟಿದ್ದಾರೆ, ನಮ್ಮಲ್ಲಿರೋದಕ್ಕೆ ಪಟ್ಟೆ.

'ಹಾಗಾದ್ರೆ ಚನ್ನಪಟ್ಟಣದ ಗೊಂಬೆ ಕೊಡಿಸು' ಅಂತ ಗೆಳೆಯರು ಸಲಹೆ ಕೊಡ್ತಾರೆ. ಕೊಡಿಸಿದ್ದೀನಿ. ಆಲೆ ಮರವನ್ನ ತಿರುಗಣೆಗೆ ಕಟ್ಟಿ, ಅರಗಿನ ಬಣ್ಣ ಹಾಕಿದ ಆ ಗುಂಡು ಆನೆ ನನಗೂ ಇಷ್ಟ. ಅದು ನಾನು ನಿಜವಾದ ಆನೆ ಅಂತ ಎಲ್ಲೂ ಹೇಳಿಕೊಳ್ಳಲ್ಲ, ಹಾಗಾಗಿ ಸುಳ್ಳೂ ಹೇಳಲ್ಲ. ಆದ್ರೆ ಅದರ ಕೆಲಸ ಬೇರೆ. ಹಲ್ಲಿನ ಸಂದಿ ತೋರಿಸೋಕೆ ಅಚ್ಚಿನಲ್ಲಿ ಎರಕ ಹೊಯ್ದ ಗೊಂಬೆಯೇ ಬೇಕು. ಆ ವಿದ್ಯೆ ಇದ್ದೂ ಅದನ್ನ ಅರಚೋ ಬಾಯಿಗೆ ಖರ್ಚು ಮಾಡ್ತಿದ್ದಾರಲ್ಲ ಅನ್ನೋದೇ ಹೊಟ್ಟೆಕಿಚ್ಚು.

ಯಾರಾದ್ರೂ ನಮ್ಮ ಕಡೆ ಪ್ರಾಣಿಗಳ ಸೆಟ್ ಮಾಡ್ತೀವಿ ಅಂತ ಹೊರಟರೆ ಕೃಷ್ಣಮೃಗದ ಗಂಡೊಂದನ್ನೇ ಮಾಡಿ ಕೈತೊಳೀಬೇಡಿ. ತಿರುಚಿದ ಕೊಂಬು, ಕಪ್ಪು ಬೆನ್ನು, ಬಿಳಿ ಹೊಟ್ಟೆ ಬಾಕ್ಸಿನ ಮೇಲೆ ಚೆಂದ ಕಾಣತ್ತೆ, ಗೊತ್ತು. ಅದರ ಜೊತೆ ನಾಲ್ಕೈದು ಹೆಣ್ಣೂ ಇರಲಿ. ಕೊಂಬಿಲ್ಲದ, ಕಂದು ಬಣ್ಣದ, ತಲೆ ಬಗ್ಗಿಸಿ ಮೇಯ್ತಾ ಇರೋವು. ಮೈದನಹಳ್ಳಿಯಲ್ಲಿ ಹೋಗಿ ನಿಂತ್ರೆ ಮೊದಲು ಕಣ್ಣಿಗೆ ಬೀಳೋದು ಅವೇ.