ಸಾಲಿನಲ್ಲಿ ಉಳಿದವರು

'ದಿ ಪರ್ಸ್ಯೂಟ್ ಆಫ್ ಹ್ಯಾಪಿನೆಸ್' (2006) ಚಿತ್ರದಲ್ಲಿ ಸೂರಿಲ್ಲದ ತಂದೆ ಮಗನೊಂದಿಗೆ ನಿಲ್ದಾಣದ ಶೌಚಾಲಯದಲ್ಲಿ ರಾತ್ರಿ ಕಳೆಯುತ್ತಾನೆ. ಇಪ್ಪತ್ತು ಮಂದಿಯಲ್ಲಿ ಒಬ್ಬನಿಗಷ್ಟೇ ಸಿಗುವ ಕೆಲಸ ಕೊನೆಗೆ ಅವನಿಗೇ ಸಿಕ್ಕಾಗ ನಾವು ಕಣ್ಣೊರೆಸಿಕೊಂಡು ಏಳುತ್ತೇವೆ. ಆದರೆ ಸ್ಯಾನ್ ಫ್ರಾನ್ಸಿಸ್ಕೋದ ಗ್ಲೈಡ್ ಚರ್ಚಿನ ಮುಂದೆ ಹಾಸಿಗೆಗಾಗಿ ಅವನೊಡನೆ ಸಾಲುಗಟ್ಟಿದ್ದವರು ಏನಾದರು? ಚಿತ್ರ ಅದನ್ನು ಕೇಳುವುದಿಲ್ಲ. ಗೆದ್ದವನ ಶ್ರಮವನ್ನಷ್ಟೇ ಹೊಗಳುವ ಕಥೆ ಉಳಿದವರನ್ನು ಸೋಮಾರಿಗಳೆಂದು ಹೇಳದೆಯೇ ಹೇಳಿಬಿಡುತ್ತದೆ.

2024ರ ಜನವರಿಯ ಗಣತಿಯಲ್ಲಿ ಅಮೆರಿಕದ ವಸತಿಹೀನರು 7,71,480. ಇವರೆಲ್ಲ ಸೋಮಾರಿಗಳೇ? ಬಾಡಿಗೆ ಗಗನಕ್ಕೇರಿದ ನಗರಗಳಲ್ಲಿ ದುಡಿಯುವವರೂ ಕಾರಿನಲ್ಲಿ ಮಲಗುತ್ತಾರೆ.

1992ರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ನೆರವಿನ ಕ್ರಮವನ್ನೇ ತಿರುಗಿಸಿದರು: ಮೊದಲು ಮನೆ, ಚಿಕಿತ್ಸೆ ಆಮೇಲೆ. ಇದೇ ದಾರಿ ಹಿಡಿದ ಹೂಸ್ಟನ್ನಿನಲ್ಲಿ 2011ರ ನಂತರದ ಹತ್ತು ವರ್ಷಗಳಲ್ಲಿ ವಸತಿಹೀನರ ಸಂಖ್ಯೆ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಸಾಲಿನಲ್ಲಿ ಉಳಿದವರಿಗೂ ಬೀಗದ ಕೈ ಕೊಡಬಹುದೆಂದು ಒಂದು ನಗರ ತೋರಿಸಿದ ಮೇಲೂ, ಗೆದ್ದ ಒಬ್ಬನಿಗಷ್ಟೇ ನಾವು ಕಣ್ಣೀರು ಮೀಸಲಿಡಬೇಕೇ?